ಬಾಗಿಲ ಮೇಲೊಂದು ಗೀರು

ಮೇಸ್ತ್ರಿಗೆ ಕೋಪವೇ ಬರುವುದಿಲ್ಲ ಎಂದು ಬಂದರಿನಲ್ಲೆಲ್ಲ ಮಾತಿತ್ತು. ಶುದ್ಧ ಸುಳ್ಳು. ಕೋಪ ಬರುತ್ತಿತ್ತು, ಹೊಟ್ಟೆಯೊಳಗೇ ಕೂತು ಅವನನ್ನೇ ತಿನ್ನುತ್ತಿತ್ತು. ಹಡಗಿನೊಳಗಿಂದ ಹೊಸ ಕಾರುಗಳನ್ನು ಓಡಿಸಿ ದಡಕ್ಕೆ ತರುವ ಡ್ರೈವರುಗಳ ತಂಡಕ್ಕೆ ಅವನು ಇಪ್ಪತ್ತಾರು ವರ್ಷದಿಂದ ಮೇಸ್ತ್ರಿ. ಅಲ್ಲಿ ಕೋಪ ಮಾಡಿಕೊಳ್ಳುವುದಕ್ಕೆ ಜಾಗವಿಲ್ಲ. ಕೈಕಾಲು ಆಡಿಸುವುದಕ್ಕೇ ಜಾಗವಿಲ್ಲ ಅನ್ನಿ. ಒಂದು ಕಾರಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ಗೇಣು, ಅಷ್ಟರಲ್ಲೇ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು. ಹಾಗಾಗಿ ಡ್ರೈವರುಗಳು ಲೋಹದ ಬಕಲ್ ಇರುವ ಬೆಲ್ಟ್ ಹಾಕುವಂತಿಲ್ಲ, ವಾಚು ಕಟ್ಟುವಂತಿಲ್ಲ, ಜೇಬಿನಲ್ಲಿ ಬೀಗದಕೈ ಇಡುವಂತಿಲ್ಲ. ಉಂಗುರ ಕಳಚಿಡಬೇಕು. ಕಳಚಲಾರದ ಉಂಗುರಕ್ಕೆ ಕಪ್ಪು ಟೇಪು ಸುತ್ತಬೇಕು. ದಿನಾ ಬೆಳಿಗ್ಗೆ ಹಡಗು ಹತ್ತುವ ಮುಂಚೆ ಮೀಸೆ ಬಂದ ಗಂಡಸರೆಲ್ಲ ಸಾಲಾಗಿ ನಿಂತು, ಉಗುರು ತೋರಿಸುವ ಶಾಲೆಮಕ್ಕಳ ಹಾಗೆ ಎರಡೂ ಕೈಗಳನ್ನು ಮೇಸ್ತ್ರಿಗೆ ತೋರಿಸುತ್ತಿದ್ದರು.

ಆ ಕೈಗಳಲ್ಲಿ ಒಂದು ಜೊತೆ ಅವನ ಅಳಿಯನದು. ತಂಡದವರು ಅಳಿಯನಿಗೆ ಬೆಣ್ಣೆಗೈ ಎಂದು ಹೆಸರಿಟ್ಟಿದ್ದರು. ಎಂಥ ಇಕ್ಕಟ್ಟಿನಿಂದಲೂ ಕಾರನ್ನು ಕೂದಲೆಳೆಯಷ್ಟೂ ತಾಗಿಸದೆ ತೆಗೆಯುತ್ತಿದ್ದ. ಕಾರಿನ ಬಾಗಿಲು ಕಂಬಕ್ಕೆ ತಾಗುವಂತಿದ್ದರೆ ನಡುವೆ ತನ್ನ ಕೈಯನ್ನೇ ಮೆತ್ತೆಯಂತೆ ಇಡುತ್ತಿದ್ದ. ಅದನ್ನು ನೋಡಿಯೇ ಮೇಸ್ತ್ರಿ ಮರುಳಾದದ್ದು. ಕಂಡವರ ಕಾರನ್ನು ಹೀಗೆ ನೋಡಿಕೊಳ್ಳುವವನು ನನ್ನ ಮಗಳನ್ನು ಇನ್ನು ಹೇಗೆ ನೋಡಿಕೊಂಡಾನು ಎಂದು ತಾನೇ ಮುಂದೆ ನಿಂತು, ತಾಯಿಯಿಲ್ಲದ ಮಗಳನ್ನು ಅವನಿಗೆ ಕೊಟ್ಟಿದ್ದ. ಬುದ್ಧಿ ಮಣ್ಣು ತಿನ್ನಲು ಹೋಗಿತ್ತು.

ಎರಡು ವರ್ಷದಲ್ಲಿ ಮಗಳು ಮೂರು ಸಲ ತವರಿಗೆ ಓಡಿ ಬಂದಳು. ಮೊದಲ ಸಲ ಕಿವಿ ಊದಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಗಾದೆ ಹೇಳಿ ಕಳಿಸಿದ. ಎರಡನೇ ಸಲ ಎಡಗೈ ಎತ್ತಲು ಬರುತ್ತಿರಲಿಲ್ಲ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದ. ಮೂರನೇ ಸಲ ಬಂದದ್ದು ನಿನ್ನೆ ಸಂಜೆ. ಕಣ್ಣಿನ ಕೆಳಗಿನಿಂದ ತುಟಿಯ ಅಂಚಿನವರೆಗೆ ಕೆನ್ನೆ ಸೀಳಿತ್ತು. ಬೆಣ್ಣೆಗೈಯ ಮದುವೆಯ ಉಂಗುರದ ಏಣು ಎಳೆದ ಗೀರು ಅದು. ಮೇಸ್ತ್ರಿ ಅವಳಿಗೆ ಟೀ ಮಾಡಿ ಕೊಟ್ಟ, ಗಾಯಕ್ಕೆ ಮುಲಾಮು ಹಚ್ಚಿದ, ಮತ್ತೆ ಬಸ್ಸು ಹತ್ತಿಸಿದ. ಬಸ್ಸು ತಿರುವು ದಾಟಿದ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ಮನೆಗೆ ವಾಪಸು ಬರಬೇಕು, ಬೇರೇನೂ ಬೇಡ ಅನ್ನಿಸಿತು. ಆದರೆ ಅಳಿಯನ ಎದುರು ನಿಂತು ಕೇಳುವ ಧೈರ್ಯ ಎಲ್ಲಿಂದ ತರುವುದು? ಕೇಳಿದರೆ ಆ ಸಿಟ್ಟೂ ಅವಳ ಮೈಮೇಲೆಯೇ ಇಳಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ದಾರಿಯೊಂದು ಬೇಕಿತ್ತು ಅವನಿಗೆ.

ಬೆಳಿಗ್ಗೆ ದಾರಿ ತಾನಾಗಿಯೇ ಹಡಗಿನಲ್ಲಿ ಬಂದಿತ್ತು.

ನಾನೂರು ಸಂಸಾರಸ್ಥ ಕಾರುಗಳ ನಡುವೆ ಅದೊಂದೇ ಒಂದು. ಕಡುಹಸಿರು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ನಿಂತಲ್ಲೇ ಓಡುತ್ತಿರುವಂತೆ ಕಾಣುತ್ತಿತ್ತು. ಊರಿನವರೆಲ್ಲ ಹೆದರಿ ದಣಿ ಎಂದೇ ಕರೆಯುತ್ತಿದ್ದ ದುಡ್ಡಿನ ಕುಳವೊಬ್ಬ ಅದನ್ನು ಯಾವ ಶೋರೂಮಿನ ಹಂಗೂ ಇಲ್ಲದೆ ತನ್ನ ಹೆಸರಿನಲ್ಲೇ ಹೊರದೇಶದಿಂದ ತರಿಸಿದ್ದ. ಹನ್ನೊಂದು ತಿಂಗಳು ಕಾದಿದ್ದನಂತೆ. ಕಾಯಲು ಬಾರದ ಜಾತಿಯ ಮನುಷ್ಯ, ಇನ್ನು ಅರ್ಧ ಗಂಟೆ ಕಾಯಲಾರೆ ಎಂದು ಇಬ್ಬರು ಧಡಿಯರೊಂದಿಗೆ ಬಂದರಿಗೇ ಬಂದು ನಿಂತಿದ್ದ. ಹಿಂದೆ ಕಸ್ಟಮ್ಸ್ ಕಾಗದ ನೋಡಿಕೊಳ್ಳುವ ಏಜೆಂಟ್ ಫೈಲು ಹಿಡಿದು ಓಡುತ್ತಿದ್ದ. ಒಂದು ಕಾಗದಕ್ಕೆ ಸೀಲು ಬಿದ್ದಿಲ್ಲ, ಇನ್ನೊಂದು ತಾಸು ಬೇಕು ಎಂದು ಏಜೆಂಟ್ ಬಾಯಿಬಿಟ್ಟದ್ದೇ ತಡ, ದಣಿ ಅದೇ ಫೈಲು ಕಿತ್ತುಕೊಂಡು ಅವನ ಮುಖಕ್ಕೆ ಎರಡು ಬಾರಿಸಿದ. ಏಜೆಂಟನ ಮೂಗಿನಿಂದ ರಕ್ತ ಇಳಿದು ಕಾಗದದ ಮೇಲೆ ಬಿತ್ತು. ಸೀಲು ಬೀಳದಿದ್ದರೂ ಕೆಂಪು ಗುರುತಂತೂ ಬಿತ್ತು. ಏಜೆಂಟ್ ಅದನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು ಸೀಲು ಹಾಕಿಸಲು ಓಡಿದ.

"ಮೇಸ್ತ್ರಿ, ಗಾಡಿಗೆ ಒಂದು ಗೀರು ಬಿದ್ರೂ ಅದನ್ನು ಮಾಡಿದ ಕೈ ನನಗೆ ಬೇಕು. ತಿಳೀತಾ?" ಎಂದ ದಣಿ.

"ತಿಳೀತು."

ಮೇಸ್ತ್ರಿ ತಂಡದ ಕಡೆ ತಿರುಗಿ ಬೆಣ್ಣೆಗೈಯನ್ನು ಕರೆದ. ಅವನು ಮಾಮೂಲಿನಂತೆ ಕೈ ಚಾಚಿದ. ಬಲಗೈಯಲ್ಲಿ ಉಂಗುರ ಹೊಳೆಯುತ್ತಿತ್ತು. ಅದು ಬೆರಳಿನಲ್ಲಿ ಕೂತುಬಿಟ್ಟಿತ್ತು, ಕಳಚಲು ಬರುತ್ತಿರಲಿಲ್ಲ. ದಿನಾ ಟೇಪು ಸುತ್ತುವವನು ಇವತ್ತು ಮರೆತಿದ್ದ. ನಿನ್ನೆಯ ಪೌರುಷದ ಗುಂಗು ಇನ್ನೂ ಇಳಿದಿರಲಿಲ್ಲವೋ ಏನೋ. ಟೇಪಿನ ಸುರುಳಿ ಮೇಸ್ತ್ರಿಯ ಜೇಬಿನಲ್ಲೇ ಇತ್ತು. ಮೇಸ್ತ್ರಿ ಉಂಗುರ ನೋಡಿದ, ಅದರ ಏಣನ್ನೂ ನೋಡಿದ.

"ಹೋಗು" ಎಂದ.

ಹಡಗಿನೊಳಗೆ ಆ ಕಾರು ಕಂಬದ ಪಕ್ಕದಲ್ಲೇ ನಿಂತಿರುವುದು ಮೇಸ್ತ್ರಿಗೆ ಗೊತ್ತಿತ್ತು. ಬೆಣ್ಣೆಗೈ ಬಾಗಿಲಿಗೂ ಕಂಬಕ್ಕೂ ನಡುವೆ ಕೈ ಇಡುತ್ತಾನೆ ಎಂಬುದೂ ಗೊತ್ತಿತ್ತು. ಅಳಿಯನಿಗೆ ಎರಡು ಏಟು ಬೀಳಬೇಕು, ಕೆಲಸ ಹೋಗಬೇಕು, ಪೆಟ್ಟು ಅಂದರೇನು ಎಂದು ಅವನ ಮೈಗೂ ಒಮ್ಮೆ ಗೊತ್ತಾಗಬೇಕು. ಅದೇ ಗಲಾಟೆಯಲ್ಲಿ ಮಗಳನ್ನು ಮನೆಗೆ ಕರೆದುಕೊಂಡು ಬಂದುಬಿಡಬೇಕು. ಲೆಕ್ಕ ಅಷ್ಟೇ ಇತ್ತು.

ಕಾರು ಗುಡುಗುತ್ತಾ ಹೊರಗೆ ಬಂತು. ಇಳಿಜಾರಿನಲ್ಲಿ ಅದರ ಹೊಟ್ಟೆ ತಾಗದಿರಲೆಂದು ಹಾಸಿದ್ದ ಹಲಗೆಗಳ ಮೇಲೆ ಬೆಣ್ಣೆಗೈ ಅದನ್ನು ತೊಟ್ಟಿಲಂತೆ ಇಳಿಸಿದ. ದಣಿಯ ಮುಖ ಅರಳಿತು. ಕಾರಿನ ಸುತ್ತ ಒಂದು ಸುತ್ತು ಬಂದ. ಬಗ್ಗಿದ. ಟಾರ್ಚು ಬಿಟ್ಟ. ಬಾಗಿಲ ಮೇಲೆ ಬೆರಳುದ್ದದ ಬಿಳೀ ಗೀರು, ತುದಿಯಲ್ಲಿ ಕೊಂಚ ಬಾಗಿತ್ತು. ಥೇಟು ಮಗಳ ಕೆನ್ನೆಯದೇ.

"ಕೈ ತೋರಿಸು."

ಬೆಣ್ಣೆಗೈ ತೋರಿಸಿದ. ಆಮೇಲೆ ಬೆಳ್ಳಗಾಗಿ ಮೇಸ್ತ್ರಿಯ ಕಡೆ ತಿರುಗಿದ. "ಮಾವ, ಬೆಳಿಗ್ಗೆ ನೀವೇ ನೋಡಿದ್ರಲ್ಲ. ಹೇಳಿ ಮಾವ."

ಅಲ್ಲಿ ಒಂದು ಮಾತು ಸಾಕಿತ್ತು. ತಪ್ಪು ನನ್ನದು, ನೋಡದೆ ಕಳಿಸಿದೆ ಎಂದಿದ್ದರೆ ದಣಿ ಮೇಸ್ತ್ರಿಗೆ ನಾಲ್ಕು ಬಾರಿಸಿ ಬಿಡುತ್ತಿದ್ದನೋ ಏನೋ.

"ಟೇಪು ಸುತ್ತಿಕೋ ಅಂತ ಹೇಳಿದ್ದೆ" ಎಂದ ಮೇಸ್ತ್ರಿ. "ನನ್ನ ಮಾತು ಕೇಳಲಿಲ್ಲ."

ಮೊದಲ ಏಟಿಗೆ ಬೆಣ್ಣೆಗೈ ಕೆಳಗೆ ಬಿದ್ದ. ಧಡಿಯರಲ್ಲಿ ಒಬ್ಬ ಕೂದಲು ಹಿಡಿದು ಎತ್ತಿದ, ಇನ್ನೊಬ್ಬ ಕಿಬ್ಬೊಟ್ಟೆಗೆ ಒದ್ದ. ಸುಳ್ಳೇಕೆ ಹೇಳಬೇಕು, ಮೇಸ್ತ್ರಿಗೆ ಸಂತೋಷವಾಯಿತು. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿದಂತಾಯಿತು. ಇದು ಕಿವಿಗೆ ಎಂದುಕೊಂಡ. ಇದು ಎಡಗೈಗೆ. ಇದು ಕೆನ್ನೆಗೆ. ಅಳಿಯನ ಹಲ್ಲೊಂದು ಮುರಿದು ಕಾಂಕ್ರೀಟಿನ ಮೇಲೆ ಉರುಳಿತು. ತಂಡದವರು ತಲೆ ತಗ್ಗಿಸಿ ನಿಂತಿದ್ದರು.

ಮೂರಕ್ಕೇ ಮುಗಿಯಬೇಕಿತ್ತು. ದಣಿಯ ಲೆಕ್ಕ ಬೇರೆ ಇತ್ತು.

"ಕೈ ಬೇಕು ಅಂದಿದ್ದೆ" ಎಂದ. ಧಡಿಯರು ಬೆಣ್ಣೆಗೈಯನ್ನು ಹಸಿರು ಕಾರಿನ ಕಡೆಗೆ ಎಳೆದರು. ದಣಿ ಬೈದ. "ನನ್ನ ಗಾಡಿಲಿ ಬೇಡ್ರೋ, ರಕ್ತ ಆಗುತ್ತೆ. ಆ ಏಜೆಂಟನ ವ್ಯಾನಿನ ಬಾಗಿಲಿಗೆ ಹಾಕಿ."

ಏಜೆಂಟನ ಹಳೇ ವ್ಯಾನಿನ ಬಾಗಿಲು ತೆರೆದರು. ಬಲಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಹಿಡಿದರು. ಬೆಣ್ಣೆಗೈ "ಮಾವ, ಮಾವ" ಎಂದು ಒಂದೇ ಸಮನೆ ಕೂಗುತ್ತಿದ್ದ. ಮೊದಲ ಸಲ ಬಾಗಿಲು ಹಾಕಿದಾಗ ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಮೇಸ್ತ್ರಿ ಸಾಕು ಎಂದ. ಅಂದೆ ಎಂದುಕೊಂಡ, ಯಾರಿಗೂ ಕೇಳಿಸಿರಲಿಲ್ಲ. ಎರಡನೇ ಸಲಕ್ಕೆ ಉಂಗುರ ಚಪ್ಪಟೆಯಾಗಿ ಮಾಂಸದೊಳಗೆ ಹೂತಿತು. ಮೂರನೇ ಸಲಕ್ಕೆ ಬೆಣ್ಣೆಗೈ ಕೂಗುವುದನ್ನೂ ನಿಲ್ಲಿಸಿದ. ದಣಿ ಕರವಸ್ತ್ರದಿಂದ ತನ್ನ ಬೂಟು ಒರೆಸಿಕೊಂಡು, ಹಸಿರು ಕಾರು ಹತ್ತಿ, ಗೇಟಿನವರೆಗೂ ನಿಧಾನವಾಗಿ ಓಡಿಸಿಕೊಂಡು ಹೋದ. ಕಾರಿಗೆ ಧೂಳು ಹಿಡಿಯಬಾರದಲ್ಲ.

ಕೈ ವ್ಯಾನಿನ ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಏಜೆಂಟ್ ಆಸ್ಪತ್ರೆಯಲ್ಲಿ ಬರೆಸಿದ. ಅದು ಸುಳ್ಳೂ ಅಲ್ಲ. ಡಾಕ್ಟರು ಉಂಗುರ ಕತ್ತರಿಸಿದರು, ಅದರ ಜೊತೆ ಎರಡು ಬೆರಳನ್ನೂ. ಮಧ್ಯಾಹ್ನದ ಹೊತ್ತಿಗೆ ಅವನನ್ನು ವಾರ್ಡಿಗೆ ತಂದು ಮಲಗಿಸಿದರು. ಬಲಗೈ ಮೊಣಕೈವರೆಗೂ ಬ್ಯಾಂಡೇಜು, ಎಡಗೈಗೆ ಗ್ಲೂಕೋಸಿನ ಸೂಜಿ.

ಮಗಳು ತಾನು ಕೆಲಸಕ್ಕೆ ಹೋಗುವ ಅಂಗಡಿಯಿಂದ ನೇರ ಬಂದಳು. ಕೆನ್ನೆಯ ಮೇಲೆ ಪ್ಲಾಸ್ಟರು ಇತ್ತು. ಮೇಸ್ತ್ರಿ ಎದ್ದು ನಿಂತ. ಅವಳು ಅಪ್ಪನ ಕಡೆ ನೋಡದೆ ಗಂಡನ ಹತ್ತಿರ ಹೋಗಿ ನೀರಿನ ಲೋಟ ಅವನ ತುಟಿಗೆ ಹಿಡಿದಳು. ಅವನು ಎರಡು ಗುಟುಕು ಕುಡಿದ. ಮೂರನೆಯದನ್ನು ಅವಳ ಮುಖಕ್ಕೇ ಉಗಿದ. "ನಿಮ್ಮಪ್ಪ ನೋಡ್ತಾ ನಿಂತಿದ್ದ" ಎಂದವನೇ ಎಡಗೈ ಬೀಸಿ ಅದೇ ಕೆನ್ನೆಗೆ ಬಾರಿಸಿದ. ಸೂಜಿ ಕಿತ್ತು ಬಂತು. ಗ್ಲೂಕೋಸಿನ ಬಾಟಲಿ ನೆಲಕ್ಕೆ ಬಿತ್ತು. ಪ್ಲಾಸ್ಟರಿನ ಅಡಿಯಿಂದ ರಕ್ತ ಜಿನುಗಿತು.

ಮೇಸ್ತ್ರಿ ಒಂದೇ ಹೆಜ್ಜೆಗೆ ಮಂಚದ ಹತ್ತಿರ ಬಂದು ಅಳಿಯನ ಕುತ್ತಿಗೆಗೆ ಕೈ ಹಾಕಿದ. ಆ ಧೈರ್ಯ ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. ಮಗಳು ಆ ಕೈ ಬಿಡಿಸಿದಳು.

"ಬಿಡಪ್ಪ. ಈಗೇನಕ್ಕೆ?"

"ನಿನಗೋಸ್ಕರನೇ ಕಣಮ್ಮ. ಉಂಗುರ ನೋಡಿಯೂ ನೋಡದ ಹಾಗೆ ದಣಿಯ ಕಾರು ತೆಗೆಯೋಕೆ ಕಳಿಸಿದೆ. ಬಾಗಿಲಿಗೆ ಗೀರು ಬಿದ್ರೆ ದಣಿ ಬಿಡಲ್ಲ ಅಂತ ಗೊತ್ತಿತ್ತು. ಎಲ್ಲಾ ನಿನಗೋಸ್ಕರ."

ಅವಳು ಅಪ್ಪನನ್ನು ದಿಟ್ಟಿಸಿದಳು.

"ನನ್ನ ಮುಖ ಹರಿದಾಗ ಟೀ ಕೊಟ್ಟು ಬಸ್ಸು ಹತ್ತಿಸಿದೆ" ಎಂದಳು. "ಕಾರಿನ ಬಾಗಿಲಿಗೆ ಗೀರು ಬಿದ್ದಾಗ ಕೈ ಮುರಿಸಿದೆ. ಅದೂ ನಿನ್ನ ಕೈಯಿಂದ ಆಗಲಿಲ್ಲ, ಕಂಡವರ ಕೈಯಲ್ಲಿ ಹಾವು ಹಿಡಿಸಿದೆ. ಬಾ ಮನೆಗೆ ಅಂತ ಒಂದೇ ಒಂದು ಮಾತು ಸಾಕಿತ್ತಲ್ಲಪ್ಪ ನನಗೆ."

"ಈಗ ಬಾ ಮಗಳೇ. ಈಗಲೇ ಹೋಗೋಣ ಬಾ."

"ಮೂರು ಸಲ ಬಂದಿದ್ದೆ." ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡೋ ಅಕ್ಕ ಅವಳ ರೂಮಲ್ಲಿ ಜಾಗ ಕೊಟ್ಟಿದ್ದಾಳೆ. ಬೆಳಿಗ್ಗೆನೇ ಬಟ್ಟೆ ಸಾಗಿಸಿದೆ. ಇವತ್ತು ಹೇಗೂ ಹೋಗ್ತಿದ್ದೆ. ನೀನು ಯಾರ ಕೈಯನ್ನೂ ಮುರಿಸಬೇಕಿರಲಿಲ್ಲ."

ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳು ಹೊರಟುಹೋದಳು. ಮೇಸ್ತ್ರಿ ಮೆಟ್ಟಿಲವರೆಗೂ ಹಿಂದೆ ಓಡಿದ. ಅವಳು ತಿರುಗಿ ನೋಡಲಿಲ್ಲ. ಯಾವ ರೂಮು, ಯಾವ ಬೀದಿ ಎಂದು ಕೇಳುವ ಮುಖವೂ ಅವನಿಗಿರಲಿಲ್ಲ.

ವಾಪಸು ಬಂದಾಗ ನರ್ಸು ಕಿರಿಕಿರಿಯಿಂದ ನೆಲ ಒರೆಸಿಸುತ್ತಿದ್ದಳು. ಮತ್ತೆ ಸೂಜಿ ಕೀಳಬಾರದೆಂದು ರೋಗಿಯ ಎಡಗೈಯನ್ನು ಮಂಚದ ಕಂಬಿಗೆ ಬಿಗಿದಿದ್ದಳು.

"ಈ ಪೇಷಂಟಿನ ಕಡೆಯವರು ಯಾರು?"

ವಾರ್ಡಿನಲ್ಲಿ ಅವನ ಕಡೆಯವರು ಬೇರೆ ಯಾರೂ ಇರಲಿಲ್ಲ. ಮೇಸ್ತ್ರಿ ಮುಂದೆ ಬಂದು ಕಾಗದಕ್ಕೆ ಸಹಿ ಹಾಕಿದ. ಸಂಬಂಧ ಎಂದಿದ್ದ ಕಡೆ ಮಾವ ಎಂದು ಬರೆದ. ನರ್ಸು ಗಂಜಿಯ ಬಟ್ಟಲು ಅವನ ಕೈಗಿತ್ತಳು. "ಎರಡೂ ಕೈ ಇಲ್ಲದ ಹಾಗೇ ಲೆಕ್ಕ. ಮೂರು ಹೊತ್ತೂ ನೀವೇ ತಿನ್ನಿಸಬೇಕು."

ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತ. ಅಳಿಯ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿದ್ದ. ಆಮೇಲೆ ಹಸಿವು ಗೆದ್ದಿರಬೇಕು, ಈ ಕಡೆ ತಿರುಗಿ, ಮುರಿದ ಹಲ್ಲಿನ ಬಾಯಿ ತೆರೆದ. ಮೇಸ್ತ್ರಿ ಚಮಚ ಇಟ್ಟ.

"ಬಿಸಿ ಇದೆ" ಎಂದ ಅಳಿಯ. "ಊದಿ ಕೊಡಿ."

ಮೇಸ್ತ್ರಿ ಊದಿದ.