ಒಣಗಿದ ಡಬ್ಬಿ

ಡಬ್ಬಿ ಮತ್ತೆ ಒಣಗಿತ್ತು. ಇದು ಮೂರನೇ ಬೆಳಿಗ್ಗೆ. ಕೆಳಗಿನ ನಲ್ಲಿ ತಿರುಗಿಸಿ ಅಂಗೈ ಒಡ್ಡಿದೆ, ಒಂದು ತೊಟ್ಟೂ ಬೀಳಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

ಯಾವ ಡಬ್ಬಿ ಅಂತ ಮೊದಲು ಹೇಳಿಬಿಡುತ್ತೇನೆ, ಬೈಯುವುದು ಆಮೇಲೆ. ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಪಂಪು. ಹಾಗೆ ತುರುಕಿದಾಗ ಒಂದಿಷ್ಟು ಬಿಸಿಗಾಳಿ ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಕೆಳಗೆ ನುಸುಳಿ, ಆಯಿಲಿನ ಹಬೆ ಹೊತ್ತುಕೊಂಡು, ಪೈಪು ಹಿಡಿದು ಮತ್ತೆ ಅದೇ ಬಾಯಿಗೆ ಬರುತ್ತದೆ. ಆ ಆಯಿಲು ಪೆಟ್ರೋಲಿನ ಜೊತೆ ಒಳಗೆ ಹೋದರೆ ಹೊತ್ತಲ್ಲದ ಹೊತ್ತಿಗೆ ಉರಿದು ಪಿಸ್ಟನ್ ಒಡೆಯುತ್ತದೆ. ಅದಕ್ಕೇ ನಡುದಾರಿಯಲ್ಲಿ ಈ ಡಬ್ಬಿ. ಒಳಗೆ ಜಾಲರಿ, ಕೆಳಗೆ ನಲ್ಲಿ. ಹಬೆ ಜಾಲರಿಗೆ ತಾಗಿ ಆಯಿಲಾಗಿ ಇಳಿಯುತ್ತದೆ. ಎಂಥ ಒಳ್ಳೆಯ ಎಂಜಿನ್ನಾದರೂ ದಿನಕ್ಕೆ ಒಂದು ಚಮಚವಾದರೂ ಕೊಡಬೇಕು. ಏನೂ ಇಲ್ಲ ಅಂದರೆ ಡಬ್ಬಿ ಹಿಡಿಯುತ್ತಿಲ್ಲ, ಆಯಿಲೆಲ್ಲ ಒಳಗೇ ಹೋಗುತ್ತಿದೆ ಅಂತ ಲೆಕ್ಕ.

ಡಬ್ಬಿ ಮಾಡಿದವನು ನನ್ನ ತಮ್ಮ. ಗ್ಯಾರೇಜು ನನ್ನದು, ಎಂಜಿನ್ ಜೋಡಿಸುವುದು ಅಪ್ಪ, ಬೆಸುಗೆ ತಮ್ಮನದು. ಕಾರು ಒಬ್ಬ ಹಲ್ಲಿನ ಡಾಕ್ಟರಮ್ಮನದು. ವಾರವೆಲ್ಲ ಜನರ ಬಾಯಿಗೆ ಇಣುಕಿ ಸಾಕಾಗಿ, ರಜೆ ಸಿಕ್ಕಾಗ ರೇಸಿಗೆ ಹೋಗುವ ಹೆಂಗಸು. ಭಾನುವಾರ ಅವರ ಮೊದಲ ದೊಡ್ಡ ರೇಸು. ಆ ವೇಗದಲ್ಲಿ ಎಂಜಿನ್ ಒಡೆದು ಆಯಿಲು ಹಿಂದಿನ ಚಕ್ರಕ್ಕೆ ಬಿದ್ದರೆ ಕಾರು ನೇರ ಗೋಡೆಗೆ ಹೋಗುತ್ತದೆ. ಹೊಸದಾಗಿ ಕಟ್ಟಿದ ಎಂಜಿನ್ ಅಂತ ದಿನಾ ಮಧ್ಯಾಹ್ನ ನಾನೇ ನೂರು ಕಿಲೋಮೀಟರು ಓಡಿಸಿ ತಂದು ನಿಲ್ಲಿಸುತ್ತಿದ್ದೆ, ತಣ್ಣಗಾದ ಮೇಲೆ ಬೆಳಿಗ್ಗೆ ಡಬ್ಬಿ ನೋಡುತ್ತಿದ್ದೆ.

ಆ ಮೂರನೇ ಬೆಳಿಗ್ಗೆ, ಗುರುವಾರ, ತಮ್ಮ ಯಾವುದೋ ಹಾಡು ಗುನುಗುತ್ತಾ ಬಂದ. ಅವನು ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ ನಾನು.

"ಒಳಗೆ ಜಾಲರಿ ಹಾಕಿದ್ದೀಯೋ, ಇಲ್ಲಾ ಖಾಲಿ ತಗಡಿಗೆ ಪಾಲಿಶ್ ಹೊಡೆದು ತಂದಿದ್ದೀಯೋ?"

"ಹಾಕಿದ್ದೀನಲ್ಲ ಅಕ್ಕ."

"ಹಾಕಿದ್ರೆ ಆಯಿಲೆಲ್ಲಿ? ನೀನು ಕುಡಿದ್ಯಾ?"

"ಗಾಳಿ ಪೈಪಿನೊಳಗೆ ಬೆರಳು ಹಾಕಿ ನೋಡಿದ್ಯಾ? ಡಬ್ಬಿ ಹಿಡೀದಿದ್ರೆ ಅಲ್ಲಿ ಜಿಡ್ಡಿರಬೇಕು."

ನೋಡಿರಲಿಲ್ಲ. ನೋಡಬೇಕಿತ್ತು, ಅದು ಒಂದೇ ನಿಮಿಷದ ಕೆಲಸ. ಆದರೆ ಸಿಟ್ಟು ಬಂದರೆ ನನಗೆ ಕೈಗಿಂತ ಬಾಯಿ ಮುಂದೆ. "ನನಗೇ ಪಾಠ ಹೇಳ್ತೀಯ? ನಲವತ್ತು ವರ್ಷ ಆಯ್ತು ನಿನಗೆ, ಒಂದು ಕೆಲಸ ನೆಟ್ಟಗೆ ಮಾಡಿದ್ದು ತೋರಿಸು ನೋಡೋಣ," ಅಂದೆ. ಬೀದಿಯ ಆಚೆ ಬದಿಗೂ ಕೇಳಿಸುವ ಹಾಗೆ ಅಂದೆ.

ಅವನು ಸೀದಾ ಕಾರಿನ ಹತ್ತಿರ ಹೋದ. ಡಬ್ಬಿ ಬಿಚ್ಚಿ ತಂದು ವೈಸಿಗೆ ಕಚ್ಚಿಸಿ, ಕಟಿಂಗ್ ಚಕ್ರ ಹಿಡಿದು ಅದರ ಸೊಂಟಕ್ಕೆ ಸರಿಯಾಗಿ ಸೀಳಿದ. ಆ ಬೆಸುಗೆ ಹಾಕುವುದಕ್ಕೆ ಅವನಿಗೆ ಎರಡು ದಿನ ಹಿಡಿದಿತ್ತು. ಎರಡು ಹೋಳೂ ತಂದು ನನ್ನ ಮುಂದೆ ಇಟ್ಟ. ಒಳಗೆ ಜಾಲರಿ ಇತ್ತು, ಮಟ್ಟಸವಾಗಿ ಕೂತಿತ್ತು, ಅದರ ತುಂಬ ಕಂದು ಆಯಿಲು ಒದ್ದೆಯಾಗಿ ಜಿನುಗುತ್ತಿತ್ತು. "ನೋಡ್ಕೋ," ಅಂದು ಹೊರಟುಹೋದ.

ಅಪ್ಪ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿದ್ದ. "ಹೋಗ್ಲಿ ಬಿಡಮ್ಮ," ಅಂದ.

ಡಬ್ಬಿ ಹಿಡಿದಿದೆ. ಹಿಡಿದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಂದರೆ ನನಗಿಂತ ಮುಂಚೆ ಯಾರೋ ಖಾಲಿ ಮಾಡುತ್ತಿದ್ದಾರೆ. ಯಾರು ಅಂತ ಯೋಚಿಸಿದೆ, ಗ್ಯಾರೇಜಿನ ಬೀಗದಕೈ ಇರುವುದು ಇಬ್ಬರ ಹತ್ತಿರ, ನನ್ನ ಹತ್ತಿರ ಮತ್ತು ಅಪ್ಪನ ಹತ್ತಿರ. ಆ ಯೋಚನೆಯನ್ನು ಅಲ್ಲಿಗೇ ತಳ್ಳಿದೆ. ಅಟ್ಟದಲ್ಲಿದ್ದ ಹಳೇ ಡಬ್ಬಿ ಹಾಕಿ, ಕಾರು ಓಡಿಸಿ ತಂದು ನಿಲ್ಲಿಸಿದೆ. ಶುಕ್ರವಾರ ಬೆಳಿಗ್ಗೆ ದಿನಕ್ಕಿಂತ ಒಂದು ಗಂಟೆ ಮುಂಚೆ ಹೋದೆ.

ಷಟರು ಅರ್ಧ ಮೇಲಿತ್ತು. ಬಗ್ಗಿ ಒಳಗೆ ಹೋದರೆ ಅಪ್ಪ ಬಾನೆಟ್ ಎತ್ತಿ, ಡಬ್ಬಿಯ ಕೆಳಗೆ ಜಾಮ್ ಬಾಟಲಿ ಹಿಡಿದು ನಿಂತಿದ್ದ. ಬಾಟಲಿ ಕತ್ತಿನವರೆಗೆ ತುಂಬಿತ್ತು. ಒಂದು ಚಮಚವಲ್ಲ, ಒಂದು ಬಾಟಲಿ. ಹೊಸ ಎಂಜಿನ್ ಅಷ್ಟು ಆಯಿಲು ಉಗುಳುತ್ತದೆ ಅಂದರೆ ಅದರ ರಿಂಗುಗಳ ಕಥೆ ಮುಗಿದ ಹಾಗೆಯೇ.

ನನ್ನನ್ನು ನೋಡಿ ಅಪ್ಪ ನಲ್ಲಿ ಮುಚ್ಚಿದ. ಜೇಬಿನಿಂದ ಗೇಜು ತೆಗೆದು ಕೊಟ್ಟ. ತೆಳ್ಳನೆಯ ಉಕ್ಕಿನ ಎಲೆಗಳ ಕಟ್ಟು ಅದು, ರಿಂಗಿನ ತುದಿಗಳ ನಡುವೆ ಎಷ್ಟು ಸಂದಿ ಬಿಡಬೇಕು ಅಂತ ಅಳೆಯುವುದು ಅದರಲ್ಲೇ. ಎಲೆ ಸಲೀಸಾಗಿ ತೂರುವಷ್ಟು ಅರದಲ್ಲಿ ಉಜ್ಜಬೇಕು, ಅಷ್ಟೇ. ಅಪ್ಪ ಎಲೆಯ ನಂಬರು ಓದುವುದಿಲ್ಲ, ಬೆರಳಲ್ಲೇ ಗುರುತು ಹಿಡಿಯುತ್ತಾನೆ. ಅದೇ ಅವನ ಹೆಮ್ಮೆ.

"ಎರಡು ಎಲೆ ಆಯಿಲಿಗೆ ಅಂಟ್ಕೊಂಡಿತ್ತು," ಅಂದ. "ಒಂದೇ ಅಂದ್ಕೊಂಡೆ. ಮೂರನೇ ಸಿಲಿಂಡರಿನ ರಿಂಗೆಲ್ಲ ಹಾಗೇ ಉಜ್ಜಿಬಿಟ್ಟೆ, ಸಂದಿ ಜಾಸ್ತಿ ಆಗೋಯ್ತು. ಎಂಜಿನ್ ಮುಚ್ಚಿದ ಮೇಲೆ ಗೇಜು ತೊಳೆಯೋವಾಗ ಗೊತ್ತಾಯ್ತು."

"ಅವತ್ತೇ ಗೊತ್ತಿತ್ತಾ?"

"ಭಾನುವಾರ ಒಂದು ಕಳೀಲಿ. ಆಮೇಲೆ ನಾನೇ ಬಿಚ್ಚಿ ಸರಿಮಾಡ್ತೀನಿ ಅಂತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಭಾನುವಾರ ಕಳೆಯೋದು ಯಾರಪ್ಪ? ರೇಸಿನ ನಡುವೆ ಡಬ್ಬಿ ತುಂಬಿ ಹರಿದ್ರೆ ನೀನು ಬಾಟ್ಲಿ ಹಿಡ್ಕೊಂಡು ಕಾರಿನ ಹಿಂದೆ ಓಡ್ತಿದ್ಯಾ? ಆ ಹೆಂಗಸಿಗೆ ಎರಡು ಮಕ್ಕಳಿದ್ದಾರೆ. ನಿನ್ನೆ ತಮ್ಮನ ಮಾನ ಹರಾಜು ಹಾಕ್ತಿದ್ದೆ ನಾನು, ನೀನು ಅಲ್ಲೇ ನಿಂತು ಟೀ ಕುಡೀತಿದ್ದೆ. ಬಾಯಲ್ಲಿ ಏನಿತ್ತು ನಿನಗೆ?"

ಅಪ್ಪ ಬಾಟಲಿಯ ಮುಚ್ಚಳ ತಿರುಪುತ್ತಿದ್ದ. ಅದು ಓರೆಯಾಗಿ ಕೂತಿತ್ತು, ಮತ್ತೆ ತೆಗೆದು ತಿರುಪಿದ.

ನಾನು ಫೋನು ಅವನ ಮುಂದೆ ಹಿಡಿದೆ. "ಡಾಕ್ಟರಮ್ಮನಿಗೆ ನೀನೇ ಹೇಳು. ನಾನು ಹೇಳಲ್ಲ."

ನಡುಗುತ್ತಾನೆ, ಗೋಗರೆಯುತ್ತಾನೆ ಅಂದುಕೊಂಡಿದ್ದೆ. ಅವನು ಫೋನು ತಗೊಂಡು ಆರಾಮವಾಗಿ ಕಿವಿಗಿಟ್ಟ. "ಅಮ್ಮ, ಭಾನುವಾರ ಕಾರು ಬರಲ್ಲ. ತಪ್ಪು ನಂದೇ. ಗೇಜು ನೋಡೋದ್ರಲ್ಲಿ ಎಡವಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು." ಆ ಕಡೆಯಿಂದ ಏನೋ ಹೇಳಿದರು. "ಹೌದಮ್ಮ, ಬೇಜಾರು ಆಗುತ್ತೆ. ಕ್ಷಮಿಸಿ," ಅಂದ. ಒಂದು ನಿಮಿಷವೂ ಆಗಲಿಲ್ಲ. ಫೋನು ವಾಪಸು ಕೊಟ್ಟ.

"ಇಷ್ಟು ಸುಲಭ ಇತ್ತಲ್ಲ. ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವರಿಗೆ ಹೇಳೋದು ಸುಲಭಾನೇ," ಅಂದ ಅಪ್ಪ. "ಅವರಿಗೆ ಹೇಳಬೇಕು ಅಂದ್ರೆ ಮೊದಲು ನಿನಗೆ ಹೇಳಬೇಕಿತ್ತಲ್ಲ."

ಅವನು ಅದನ್ನು ನನಗೆ ನೋವಾಗಲಿ ಅಂತ ಹೇಳಲಿಲ್ಲ. ಸ್ಪ್ಯಾನರು ಎಲ್ಲಿದೆ ಅಂತ ಕೇಳುವ ಧ್ವನಿಯಲ್ಲೇ ಹೇಳಿದ. ಆಮೇಲೆ ಬ್ಯಾಟರಿ ವೈರು ಬಿಚ್ಚುವುದಕ್ಕೆ ಶುರುಮಾಡಿದ. ನನಗೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಈಗಲೂ ಇಳಿದಿಲ್ಲ, ಆ ಕಾರಲ್ಲಿ ರೇಸಿಗೆ ಹೋಗಿದ್ದರೆ ಆ ಹೆಂಗಸು ಸಾಯುತ್ತಿದ್ದಳು. ಆದರೆ ಈಗ ಅದೇ ಸಿಟ್ಟು ನನ್ನ ಮೇಲೂ ಬಂದು ಕೂತಿತ್ತು, ಯಾರನ್ನು ಮೊದಲು ಬೈಯಬೇಕು ಅಂತ ತಿಳಿಯಲಿಲ್ಲ.

ಹತ್ತು ಗಂಟೆಗೆ ತಮ್ಮ ಬಂದ. ಕೈಯಲ್ಲಿ ಹೊಸ ಡಬ್ಬಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ್ದು. ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಗಾಜಿನ ಕೊಳವೆ ಕೂರಿಸಿದ್ದ, ಒಳಗೆಷ್ಟು ಆಯಿಲಿದೆ ಅಂತ ಹೊರಗಿನಿಂದಲೇ ಕಾಣಲಿ ಅಂತ. ನಾನು ಅನುಮಾನ ಪಡಬಾರದು ಅಂತ. ತಪ್ಪಾಯ್ತು ಕಣೋ ಅನ್ನುವುದಕ್ಕೆ ಎರಡು ಹೆಜ್ಜೆ ಮುಂದೆ ಹೋದೆ.

"ಇಷ್ಟು ಹೊತ್ತಿಗಾ ಬರೋದು?" ಅಂತ ಬಂತು ನನ್ನ ಬಾಯಿಂದ.

ಅವನು ಅಲ್ಲೇ ನಿಂತು, ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ.