ಸರಿಮಾಡಿದ ಸೊನ್ನೆ

ನೀಲಿ ಬಸ್ಸು ನಿಂತಿತು, ಮೂವರು ಇಳಿದರು, ಹೆಲ್ಮೆಟ್ ಹಿಡಿದವನೊಬ್ಬ, ಗಾರ್ಮೆಂಟ್ಸಿನ ಹೆಂಗಸೊಬ್ಬಳು, ಬಿಳಿ ಅಂಗಿಯ ವಯಸ್ಸಾದವನೊಬ್ಬ, ಕೈಯಲ್ಲಿ ಚೀಲ — ಇವನೇ, ಇವನೇ ಕಾಡಪ್ಪ — ಅಲ್ಲ, ಫೌಂಡ್ರಿ ಕಡೆ ತಿರುಗಿದ, ಚೀಲದಲ್ಲಿರುವುದು ಬುತ್ತಿ, ಉಸಿರು ಬಿಡು ಶಶಿಕಲಾ, ಪೀಣ್ಯದಲ್ಲಿ ಈ ಹೊತ್ತಿಗೆ ಚೀಲ ಹಿಡಿಯದ ಗಂಡಸು ಯಾರಿದ್ದಾನೆ, ಊಟದ ಬೆಲ್ಲು ಹೊಡೆದು ಐದು ನಿಮಿಷವಾಯಿತು, ಇನ್ನು ಇಪ್ಪತ್ತೈದು ನಿಮಿಷಕ್ಕೆ ನಾನು ಒಳಗಿರಬೇಕು, ಅಷ್ಟರಲ್ಲಿ ಬರದಿದ್ದರೆ ಆಯಿತು, ಬರದೇ ಹೋಗಲಿ, ಮಾರ್ಕೆಟ್ಟಿನಲ್ಲಿ ಬಸ್ಸು ತಪ್ಪಲಿ, ಥೂ, ಜಿಗಣಿಯಿಂದ ಎರಡು ಬಸ್ಸು ಬದಲಾಯಿಸಿ ನನ್ನನ್ನು ಹುಡುಕಿಕೊಂಡು ಬರುವ ಮನುಷ್ಯನಿಗೆ ಹೀಗೆ ಹಾರೈಸುವ ಬಾಯಿಗೆ ಮಣ್ಣು ಹಾಕ. ಟೀ ಅಂಗಡಿಯ ಈಶ್ವರಮ್ಮ ಕೇಳುತ್ತಿದ್ದಾಳೆ, ಏನಕ್ಕಾ ಮುಖ ಹಿಂಗೈತೆ, ಜ್ವರನಾ ಅಂತ, ಜ್ವರವಲ್ಲ ಮಾರಾಯ್ತಿ, ಅದಕ್ಕಾದರೆ ಮಾತ್ರೆ ಇದೆ. ಬೆಳಿಗ್ಗೆ ಏಳಕ್ಕೆ ಫೋನು, ಮೇಡಂ, ನಾನು ಕಾಡಪ್ಪ, ನಿಮ್ಮ ಹತ್ರ ಹರಾಜಿನ್ಯಾಗ ಮೈಕ್ರೋಮೀಟರ್ ತಗೊಂಡಾವ, ಅಂದಾಗಲೇ ಸಿಕ್ಕಿಬಿದ್ದೆ ಅನ್ನಿಸಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ. ಮೊದಲನೇ ಆರ್ಡರೇ ವಾಪಸ್ ಬಂತ್ರಿ, ಅಂದ, ನೂರು ಶಾಫ್ಟು, ಅವನೇ ಲೇತಿನಲ್ಲಿ ಕಡೆದವು, ಒಂದೂ ಬೇರಿಂಗಿನೊಳಗೆ ಕೂಡಲಿಲ್ಲವಂತೆ, ನೂರೂ ಒಂದು ಕೂದಲೆಳೆ ದಪ್ಪ, ಕಂಪನಿಯವರು ಆರ್ಡರು ಕಿತ್ತುಕೊಂಡರಂತೆ, ನನ್ನ ಕೈ ಹೋತ್ರಿ ಮೇಡಂ, ಅಂದ. ಕೈ. ಮೈಕ್ರೋಮೀಟರ್ ಅನ್ನಲಿಲ್ಲ, ಕೈ ಅಂದ. ನೀವು ಇನ್‌ಸ್ಪೆಕ್ಷನ್‌ನಾಗ ಇರಾವ್ರು, ಒಂದ್ಸಲ ನೋಡಿ ಹೇಳ್ರಿ, ಕೈ ಹೋಗಿದ್ದು ಖರೇ ಆದ್ರ ಲೇತ್ ಮಾರಿಬಿಡ್ತೀನಿ, ಅಂದ. ನಾನು ಬನ್ನಿ ಅಂದೆ, ಊಟದ ಹೊತ್ತಿಗೆ ಗೇಟಿನೆದುರು ಟೀ ಅಂಗಡಿಯ ಬೆಂಚಿನ ಮೇಲಿರುತ್ತೇನೆ ಅಂದೆ.

ಅವನ ಕೈಗೆ ಏನೂ ಆಗಿಲ್ಲ. ನನಗೆ ಗೊತ್ತು, ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು, ಅತ್ತೆಗೆ ಅರ್ಧ ಗೊತ್ತು, ಬಿದ್ದು ಠಣ್ ಅಂದದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡು ಏನಮ್ಮಿ ಅದು ಅಂದಿದ್ದರು, ಏನಿಲ್ಲ ಅತ್ತೆ, ಚಮಚ, ಅಂದಿದ್ದೆ. ಚಮಚವಂತೆ. ಜಪಾನಿನ ಮೈಕ್ರೋಮೀಟರ್, ಕೂದಲೆಳೆಯ ದಪ್ಪವನ್ನೂ ಅಳೆಯುವ ಉಪಕರಣ, ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯದು, ಗುಜರಿ ಅಂಗಡಿಯ ರಾಶಿಯೊಳಗಿಂದ ಆರಿಸಿ ತಂದು ಒಂದು ವಾರ ಎಣ್ಣೆ ಹಾಕಿ ಉಜ್ಜಿದ್ದೆ, ನಮ್ಮ ಫ್ಯಾಕ್ಟರಿಯ ಟೂಲ್‌ರೂಮಿಗೆ ಒಯ್ದು ಪರೀಕ್ಷೆ ಮಾಡಿದ್ದೆ, ಆಗ ಚಿನ್ನದಂಥ ವಸ್ತು, ಸುಳ್ಳಲ್ಲ, ಹರಾಜಿನ ವೆಬ್‌ಸೈಟಿನಲ್ಲಿ ಬರೆದ ಒಂದೊಂದು ಅಕ್ಷರವೂ ನಿಜ — ಪೀಣ್ಯದಲ್ಲಿ ಹದಿನೇಳು ವರ್ಷ ಇನ್‌ಸ್ಪೆಕ್ಷನ್ ಮಾಡಿದವಳು ನಾನೇ ಕೈಯಾರೆ ಪರೀಕ್ಷಿಸಿದ್ದೇನೆ ಅಂತ — ಬರೆದ ದಿನ ನಿಜ. ಹರಾಜು ಮುಗಿದ ಮೇಲೆ ತಾನೇ ಬಿದ್ದದ್ದು, ಕೊರಿಯರಿನವನು ಎರಡಕ್ಕೆ ಬರುತ್ತೇನೆ ಅಂದಿದ್ದ, ಒಂದೂಮುಕ್ಕಾಲು, ಎಣ್ಣೆ ಕಾಗದದಲ್ಲಿ ಸುತ್ತುವಾಗ ಜಾರಿತು, ಮೊಸಾಯಿಕ್ ನೆಲ. ಟೂಲ್‌ರೂಮಿನಲ್ಲಿ ಬಿದ್ದಿದ್ದರೆ ಏನು ಮಾಡಬೇಕೆಂದು ನಿದ್ದೆಯಲ್ಲೂ ಹೇಳಬಲ್ಲೆ, ಬೀಳಿಸಿದವರೇ ಬಿತ್ತೂ ಅಂತ ಎಲ್ಲರಿಗೂ ಕೇಳುವಂತೆ ಕೂಗಬೇಕು, ಕೆಂಪು ಚೀಟಿ ಕಟ್ಟಬೇಕು, ಪರೀಕ್ಷೆಯಾಗಿ ಬರುವವರೆಗೆ ಯಾರೂ ಮುಟ್ಟಬಾರದು, ಸೇರಿದ ಮೊದಲ ವಾರವೇ ಫೋರ್‌ಮನ್ ನಲ್ಲಪ್ಪನವರು ಹೇಳಿಕೊಟ್ಟದ್ದು, ಬೀಳ್ಸಿದ್ದಕ್ಕೆ ಯಾರೂ ಬಯ್ಯಲ್ಲ ಕಣಮ್ಮ, ಬೀಳ್ಲೇ ಇಲ್ಲ ಅಂದ್ರೆ ಕೆಲಸ ಹೋಗ್ತದೆ. ಕೆಂಪು ಚೀಟಿ ಎಷ್ಟು ಕಟ್ಟಿದ್ದೇನೆ, ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೆ. ನನ್ನ ಮನೆಯಲ್ಲಿ ಚಮಚ ಅಂದೆ.

ಎತ್ತಿ ಅದರ ಬಾಯಿ ಮುಚ್ಚಿಸಿ ನೋಡಿದೆ, ನಡುವೆ ಏನೂ ಇಲ್ಲದಾಗ ಸೊನ್ನೆ ತೋರಿಸಬೇಕು, ಸೊನ್ನೆಯ ಗೆರೆ ಎರಡು ಗೀರು ಆಚೆ ಹೋಗಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು, ಕ್ಷಮಿಸಿ, ವಸ್ತು ಕೆಟ್ಟಿದೆ, ದುಡ್ಡು ವಾಪಸ್, ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು, ಹಾಗಾದರೆ ಕೊಂಡವನು ನನ್ನ ಹೆಸರಿನ ಮುಂದೆ ಕೆಟ್ಟದ್ದು ಬರೆಯುತ್ತಾನೆ ಅನ್ನಿಸಿತು, ಆ ಸೈಟಿನಲ್ಲಿ ಹಾಗೇ ತಾನೇ, ಯಾರ ಮುಖ ಯಾರೂ ನೋಡಿರುವುದಿಲ್ಲ, ಕೊಂಡವರು ಬರೆದದ್ದೇ ಮಾರುವವರ ಮುಖ, ನನ್ನ ಮುಂದೆ ನೂರ ಎಂಬತ್ತಾರು ಜನ ಒಳ್ಳೆಯದು ಬರೆದಿದ್ದಾರೆ, ಕೆಟ್ಟದ್ದು ಒಂದಿಲ್ಲ, ಒಂದೇ ಒಂದಿಲ್ಲ — ಇಲ್ಲಿ ಫ್ಯಾಕ್ಟರಿಯಲ್ಲಿ ನಾನು ಅಳೆದು ಬರೆದ ರಿಪೋರ್ಟಿಗೆ ನಿನ್ನೆ ಮೊನ್ನೆ ಬಂದ ಇಂಜಿನಿಯರ್ ಸಹಿ ಹಾಕುತ್ತಾನೆ, ಅಲ್ಲಿ ಶಶಿಕಲಾ ಅಂದರೆ ಕೊಯಮತ್ತೂರಿನವರೂ ಪುಣೆಯವರೂ ಕಣ್ಣು ಮುಚ್ಚಿ ಕೊಳ್ಳುತ್ತಾರೆ, ಆ ಹೆಮ್ಮೆ ತಲೆಗೇರಿತ್ತು, ಹಾಳಾದ್ದು. ಡಬ್ಬಿಯಲ್ಲಿ ಪುಟ್ಟ ಕೀಲಿ ಇರುತ್ತದೆ, ಅದನ್ನು ಉಪಕರಣದ ತೋಳಿನ ತೂತಿಗೆ ಹಾಕಿ ಒಂದಿಷ್ಟು ತಿರುಗಿಸಿದರೆ ಗೆರೆಗೆ ಗೆರೆ ಬಂದು ಕೂಡುತ್ತದೆ, ತಿರುಗಿಸಿದೆ, ಕೂಡಿತು. ಗೆರೆ ಕೂಡಿದ ಮಾತ್ರಕ್ಕೆ ಬಿದ್ದು ವಾರೆಯಾದ ಒಳಗಿನ ಎರಡು ಮುಖಗಳು ಸರಿಹೋಗುವುದಿಲ್ಲ, ಅಂಚಿಗೆ ಅಂಚು ತಾಗಿ ಸೊನ್ನೆ ತೋರಿಸುತ್ತವೆ, ನಡುವೆ ದುಂಡನೆಯದು ಇಟ್ಟರೆ ಇದ್ದದ್ದಕ್ಕಿಂತ ಕಡಿಮೆ ಹೇಳುತ್ತವೆ, ಇಷ್ಟು ಗೊತ್ತಿಲ್ಲದವಳೇ ನಾನು, ಗೊತ್ತಿತ್ತು, ಏನೂ ಆಗಲಿಕ್ಕಿಲ್ಲ ಬಿಡು ಅಂದುಕೊಂಡೆ, ಟೇಪು ಸುತ್ತಿದೆ. ನಾಲ್ಕನೇ ದಿನ ಸೈಟು ತೆರೆದರೆ ನೂರ ಎಂಬತ್ತೇಳು. ಜಿಗಣಿಯ ಸೈಬರ್ ಸೆಂಟರಿನವನ ಕೈಲಿ ಬರೆಸಿದ್ದ, ಪಾರ್ಸೆಲ್ ಬಂದಿದೆ, ನಾಳೆ ಅಮಾವಾಸ್ಯೆ, ನಾಡಿದ್ದು ಪೂಜೆ ಮಾಡಿ ಬಿಚ್ಚುತ್ತೇನೆ, ಮಾರಿದವರು ಸತ್ಯವಂತರು. ಬಿಚ್ಚುವ ಮೊದಲೇ ಬರೆಸಿದ್ದ. ಓದಿ ನಾನು ನಕ್ಕಿದ್ದೆ, ಪಾಪ ಅಂದಿದ್ದೆ.

ಬಂದರೆ ಏನು ಹೇಳಲಿ, ಕೊರಿಯರಿನವರು ಎತ್ತಿಹಾಕಿರಬೇಕು ಅನ್ನಬಹುದು, ಯಾರು ಸಾಕ್ಷಿ, ಬಳಸಿದ ವಸ್ತು ಇದ್ದ ಹಾಗೇ ಕೊಟ್ಟಿದ್ದೇನೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದೇನೆ ಅನ್ನಬಹುದು, ಅಥವಾ ನಿಮ್ಮ ಕಬ್ಬಿಣ ಬಿಸಿ ಇದ್ದಾಗ ಅಳೆದಿರಬೇಕು ಅಂದು ಕಳಿಸಬಹುದು, ಹಾಗಂದರೂ ನಂಬುತ್ತಾನೆ, ಅದೇ ಹೆದರಿಕೆ, ನಾನು ಏನಂದರೂ ನಂಬುತ್ತಾನೆ — ಇಲ್ಲ, ಇನ್ನೊಂದು ಬಸ್ಸು, ಹಿಂದಿನ ಬಾಗಿಲಿನಿಂದ ಒಬ್ಬ, ತಲೆಗೆ ಟೋಪಿ, ಭುಜಕ್ಕೆ ಗೋಣಿಚೀಲ, ಚೀಲ ಕೆಳಗಿಟ್ಟಾಗ ಕಬ್ಬಿಣದ ಸದ್ದು, ಇವನೇ. ನೇರ ನನ್ನ ಕಡೆಗೇ ಬಂದ, ಕೈ ಮುಗಿದ, ಮೇಡಂ ಅನ್ನಲಿಲ್ಲ, ಅಕ್ಕಾರ ಅಂದ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಊಟ ಬಿಡಿಸಿದೆನೇನೋ ಅಂತ ನೊಂದುಕೊಂಡ, ಬಾದಾಮಿ ಕಡೆಯವನಂತೆ, ಇಪ್ಪತ್ತೆಂಟು ವರ್ಷ ಕಂಡವರ ಲೇತಿನ ಮುಂದೆ ನಿಂತವನು, ಹೋದ ವರ್ಷ ಹಳೆಯದೊಂದು ಲೇತ್ ತನ್ನದು ಅಂತ ಮಾಡಿಕೊಂಡನಂತೆ, ಈಶ್ವರಮ್ಮನ ಟೀ ಆರುತ್ತಿದೆ, ಕುಡಿಯುತ್ತಿಲ್ಲ, ಜೇಬಿನಿಂದ ಒಂದು ಫೋಟೋ ತೆಗೆದು ಬೆಂಚಿನ ಮೇಲಿಟ್ಟ, ಆಯುಧಪೂಜೆಯ ದಿನದ್ದು, ಲೇತಿಗೆ ವಿಭೂತಿ, ಚೆಂಡುಹೂ, ಪಕ್ಕದಲ್ಲಿ ತಾನು, ಮದುಮಗನ ಹಾಗೆ ನಿಂತಿದ್ದಾನೆ. ಈ ಲೇತನ್ನ ನಿಮ್ಮ ಹೆಸರ್ನ್ಯಾಗ ಹರಾಜಿಗೆ ಹಾಕ್ರಿ ಅಕ್ಕಾರ, ನಿಮ್ಮ ಹೆಸರು ನೋಡಿದ್ರ ಮಂದಿ ನಂಬ್ತಾರ, ಅಂದ. ಅದಕ್ಕೆ ಮೊದಲು ಕೈ ನೋಡೋಣ ಅಂದೆ, ಯಾವ ಬಾಯಲ್ಲಿ ಅಂದೆನೋ. ಅವನು ಬಲಗೈ ಮುಂದೆ ಚಾಚಿದ, ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಇಲ್ಲದ ಮೈಕ್ರೋಮೀಟರಿನ ತಿರುಪು ತಿರುಗಿಸಿ ತೋರಿಸಿದ, ಮೆಲ್ಲಗೆ, ಮೆಲ್ಲಗೆ, ಆಮೇಲೆ ನಿಲ್ಲಿಸಿದ. ಹಿಂಗ ಹಿಡಿತಿದ್ದೆ, ತಾಗಿದ್ದು ಬೆರಳಿಗೆ ಗೊತ್ತಾಕ್ಕಿತ್ತು, ಈಗ ಗೊತ್ತಾಗವಲ್ದು, ಬಿಗಿಯಾಗಿ ಒತ್ತಿ ಕಡಿಮಿ ಓದೀನಿ ಕಾಣ್ತದ, ಇಲ್ಲಾಂದ್ರ ನೂರಕ್ಕ ನೂರು ಹೆಂಗ ತಪ್ಪತಾವ, ಅಂದ. ಹದಿನೇಳು ವರ್ಷದಲ್ಲಿ ಎಷ್ಟು ಕೈ ನೋಡಿದ್ದೇನೆ, ಇಷ್ಟು ಹದವಾದ ಕೈ ನೋಡಿಲ್ಲ.

ನಿಮ್ಮ ಕೈ ಸರಿಯಿದೆ ಕಾಡಪ್ಪನವರೇ, ಅಂದೆ, ಮೈಕ್ರೋಮೀಟರ್ ಕೆಟ್ಟಿದೆ, ನನ್ನ ಕೈಯಿಂದ ಬಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದೆ. ಹೇಳಿಬಿಟ್ಟೆ. ಬರೆಯಲಿ, ಕೆಟ್ಟದ್ದು ಬರೆಯಲಿ, ಇಲ್ಲೇ ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆಯಲಿ, ಕಣ್ಣು ಮುಚ್ಚಿಕೊಂಡು ಕಾದೆ. ತೆರೆದರೆ ಅವನು ಸಣ್ಣಗೆ ನಗುತ್ತಿದ್ದಾನೆ, ಅಯ್ಯೋ, ಅದೇನು ನಗು, ಹೆಣ್ಣುಮಕ್ಕಳು ಸಮಾಧಾನ ಹೇಳಿದಾಗ ಗಂಡಸರು ನಗುವ ನಗು. ಬ್ಯಾಡ್ರಿ ಅಕ್ಕಾರ, ಅಂದ, ನನ್ನ ಮನಸ್ಸು ನೋಯಬಾರದಂತ ನಿಮ್ಮ ಹೆಸರ್ಯಾಕ ಕೆಡಿಸ್ಕೋತೀರಿ. ಇಲ್ಲ ಸ್ವಾಮಿ, ನಿಜ ಹೇಳುತ್ತಿದ್ದೇನೆ, ಅತ್ತೆಯಾಣೆ, ಅಂದರೆ ತಲೆ ಆಡಿಸುತ್ತಾನೆ, ಚೀಲಕ್ಕೆ ಕೈ ಹಾಕಿದ, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿದ ಡಬ್ಬಿ, ಡಬ್ಬಿಯ ಮೇಲೆ ಒಣಗಿದ ಕುಂಕುಮ, ತೆಗೆದು ನನ್ನ ಕಣ್ಣ ಮುಂದೆ ಬಾಯಿ ಮುಚ್ಚಿಸಿ ಹಿಡಿದ, ನೋಡ್ರಿ, ಸೊನ್ನಿ ಹೆಂಗ ಕುಂತೈತಿ, ಬಿದ್ದದ್ದು ಹಿಂಗ ಇರ್ತದೇನ್ರಿ. ಗೆರೆಗೆ ಗೆರೆ. ನಾನೇ ಕೀಲಿ ಹಾಕಿ ಕೂಡಿಸಿದ ಗೆರೆ, ಈಗ ಅವನ ಪರವಾಗಿ, ನನ್ನ ಮಾತೇ ಸುಳ್ಳೆಂದು ಸಾಕ್ಷಿ ಹೇಳುತ್ತಿದೆ. ಚೀಲದಲ್ಲಿರುವ ಆ ಶಾಫ್ಟು ಕೊಡಿ, ಒಳಗೆ ಒಯ್ದು ಅಳೆದು ತೋರಿಸುತ್ತೇನೆ, ರಿಪೋರ್ಟು ಬರೆದು ಸಹಿ ಹಾಕಿ ಕೊಡುತ್ತೇನೆ, ಅನ್ನುತ್ತಿದ್ದೇನೆ, ಬೆಲ್ಲು ಹೊಡೆಯುತ್ತಿದೆ, ನೀವು ಬರೆದುಕೊಟ್ರ ಯಾರೂ ಇಲ್ಲ ಅನ್ನಂಗಿಲ್ಲ ಬಿಡ್ರಿ, ಆದ್ರ ನನ್ನ ಕೈ ನನಗ ಗೊತ್ತಲ್ರಿ, ಅನ್ನುತ್ತಾನೆ, ಫೋಟೋವನ್ನು ನನ್ನ ಕಡೆಗೆ ಸರಿಸುತ್ತಾನೆ, ಗೇಟಿನ ಕಡೆ ಎಲ್ಲರೂ ಓಡುತ್ತಿದ್ದಾರೆ, ನನಗೆ ಏಳಲಾಗುತ್ತಿಲ್ಲ, ಅವನು ನನ್ನನ್ನು ನೋಡುತ್ತಿಲ್ಲ, ತನ್ನ ಬಲಗೈಯನ್ನೇ ನೋಡುತ್ತಿದ್ದಾನೆ, ಅವೇ ಎರಡು ಬೆರಳು, ಗಾಳಿಯಲ್ಲಿ, ಏನನ್ನೂ ಹಿಡಿಯದೆ ತಿರುಗುತ್ತವೆ, ಮೆಲ್ಲಗೆ, ನಿಲ್ಲುತ್ತವೆ, ಮತ್ತೆ ತಿರುಗುತ್ತವೆ, ನಿಲ್ಲುತ್ತವೆ, ಎಲ್ಲಿ ನಿಲ್ಲಬೇಕೋ ಅಲ್ಲೇ, ಒಂದು ಎಳೆಯಷ್ಟೂ ಬಿಗಿಯದೆ, ಮತ್ತೆ ತಿರುಗುತ್ತವೆ, ಎರಡು ಬೆರಳು