ಎಲೆ ರೇಟಿನ ಪುಟಗಳು

ಬೆಳ್ಳಿಗೌಡರು ಒಲೆಯ ಮುಂದೆ ಕೈ ಕಾಯಿಸುತ್ತಿದ್ದಾಗ ಫೋನ್ ಬಂತು. ತುಮ್ಮನಟ್ಟಿಯಿಂದ ಅಕ್ಕನ ಮಗ ರಾಜೇಶ್‌ಕುಮಾರ್. "ಮಾಮ, ಅವ್ವ ಎದ್ದೇಳಲಿಲ್ಲೆ" ಎಂದ. ಕಮಲಂ ಅಕ್ಕ ನಿದ್ದೆಯಲ್ಲೇ ಹೋಗಿದ್ದಳು.

ಗೌಡರು ಕಂಬಳಿ ಹೊದ್ದು ಹೊರಟರು. ಆದರೆ ಮಂಜೂರಿನಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಮಳೆಗೆ ಊಟಿಯ ದಾರಿಯಲ್ಲಿ ಗುಡ್ಡ ಜಾರಿತ್ತು. ಜೀಪಿನವನೊಬ್ಬ, "ತಾತ, ನಾಳೆಗೂ ದಾರಿ ತೆರೆಯೋದು ಸಂದೇಹ. ಮನೆಗೆ ಹೋಗಿ" ಎಂದ. ಅತ್ತ ತುಮ್ಮನಟ್ಟಿಯ ಹಿರಿಯರು, ಮಳೆ ಬಿಡುವು ಕೊಟ್ಟಾಗಲೇ ಮಣ್ಣು ಮಾಡಬೇಕೆಂದು ತೀರ್ಮಾನಿಸಿದ್ದರು.

ನೀಲಗಿರಿಯ ಬಡಗರಲ್ಲಿ ಸತ್ತವರನ್ನು ಕಳಿಸುವ ಮುನ್ನ ಹಿರಿಯನೊಬ್ಬ, ಅವರು ತಿಳಿದೋ ತಿಳಿಯದೆಯೋ ಮಾಡಿದ್ದಿರಬಹುದಾದ ತಪ್ಪುಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾನೆ. ನೆರೆದವರೆಲ್ಲ ಪ್ರತಿಯೊಂದಕ್ಕೂ "ಅದು ಪಾಪ" ಎನ್ನಬೇಕು. ಹಾಗೆಂದರೆ ಆ ಭಾರ ಸತ್ತವರ ಮೇಲಿಂದ ಇಳಿಯುತ್ತದೆ. ಕಮಲಂಗೆ ತವರಿನವರೆಂದು ಉಳಿದಿದ್ದವರು ಬೆಳ್ಳಿಗೌಡರೊಬ್ಬರೇ. ತಮ್ಮ ದನಿ ಅಲ್ಲಿ ಯಾರಿಗೂ ಕೇಳಿಸದಿದ್ದರೂ ಸರಿ, ಆ ಹೊತ್ತಿಗೆ ಸರಿಯಾಗಿ ತಾವೂ ಅನ್ನಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಮದುವೆ ವಿಡಿಯೊ ತೆಗೆಯುವವನನ್ನು ಕರೆಸಿ, ಬರಲಾಗದವರಿಗೆಂದು ರಾಜೇಶ್‌ಕುಮಾರ್ ನೇರ ಪ್ರಸಾರದ ಲಿಂಕ್ ಕಳಿಸಿದ. ಕರೆಂಟ್ ಇಲ್ಲದೆ ಸೊಸೆ ಸರಣ್ಯಾಳ ಫೋನ್ ಆರಿಹೋಗಿತ್ತು. ಮನೆಗೆ ಮರಳಿದ ಗೌಡರ ಹಳೆಯ ಫೋನಿನಲ್ಲೇ ತೆರೆದರು. ಚಪ್ಪರ ಕಂಡಿತು. ಅಕ್ಕನ ಮುಖ ಕಾಣುವಷ್ಟರಲ್ಲಿ ಪರದೆ ಬಿಳಿಯಾಯಿತು. ಮತ್ತೆ ತೆರೆದರೂ ಅದೇ.

"ನೆಟ್‌ವರ್ಕ್ ಇದೆ. ಮೆಮೊರಿ ಇಲ್ಲೆ, ಮಾಮ" ಎಂದು ಸರಣ್ಯಾ ಮೇಲಿನ ಚೌಕವನ್ನು ತೋರಿಸಿದಳು. ತೆರೆದ ಪುಟಗಳ ಸಂಖ್ಯೆ ಇರಬೇಕಾದಲ್ಲಿ ನಗುವ ಗುರುತಿತ್ತು. "ನೂರು ಮುಟ್ಟಿದ್ರೆ ಇದು ಎಣಿಸೋದು ಬಿಟ್ಟು ನಗುತ್ತೆ. ಒಂದನ್ನೂ ಮುಚ್ಚಿಲ್ಲವಾ ನೀವು?"

"ಹೊರಗೆ ಬಂದ್ರೆ ಮುಚ್ಚಿತು ಅಂತ..."

"ನಾವು ಹೊರಗೆ ಬಂದ್ರೆ ಬಾಗಿಲು ತಾನೇ ಮುಚ್ಚುತ್ತಾ? ಅಯ್ಯೋ, ಎಲ್ಲ ಟೀ ಎಲೆ ರೇಟು! ಇದೇನು ಫೋನಾ, ಟೀ ಫ್ಯಾಕ್ಟರಿ ಗೋಡೌನಾ?" ಎಂದವಳು, ಮನೆಯಲ್ಲಿ ಸಾವಾಗಿದೆ ಎಂಬುದು ನೆನಪಾಗಿ ತಲೆ ತಗ್ಗಿಸಿದಳು. "ಎಲ್ಲ ಒಟ್ಟಿಗೆ ಮುಚ್ಚಿಬಿಡ್ತೀನಿ."

"ತಡಿ" ಎಂದು ಗೌಡರು ಫೋನ್ ತೆಗೆದುಕೊಂಡರು.

ಬೆರಳು ಸರಿಸಿದಂತೆ ಪುಟಗಳು ಒಂದರ ಹಿಂದೊಂದು ಬಂದವು. ಎಲ್ಲವೂ ಕಮಲಂ ಕಳಿಸಿದವು. ನಡುವೆ ಎಲ್ಲೋ ಮೊಣಕಾಲು ನೋವಿನ ಎಣ್ಣೆಯದೊಂದು. ದಿನವೂ ಬೆಳಗಾಗುವ ಮೊದಲೇ ಎಲೆ ರೇಟಿನ ಲಿಂಕ್ ಕಳಿಸಿ, "ಏನಡಾ, ಇನ್ನೂ ಕಂಬಳಿ ಒಳಗೇ ಇದ್ದೀಯಾ? ರೇಟು ನೋಡು" ಎಂದು ದನಿ ಸಂದೇಶ ಕಳಿಸುತ್ತಿದ್ದಳು. ಟೀ ತೋಟವಿದ್ದದ್ದು ಗೌಡರಿಗೆ; ಅವಳಿಗೆ ಒಂದು ಟೀ ಗಿಡವೂ ಇರಲಿಲ್ಲ. ಬೆಳೆಯುತ್ತಿದ್ದದ್ದು ಕ್ಯಾರೆಟ್ಟು. ಕ್ಯಾರೆಟ್ಟಿಗೆ ಏನು ರೇಟು ಎಂದು ಗೌಡರು ಒಮ್ಮೆಯೂ ಕೇಳಿದವರಲ್ಲ.

ಫೋನ್ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟಾಗ ಅಲ್ಲಿಯವನು ಹಳೆಯ ಸಂದೇಶಗಳನ್ನೆಲ್ಲ ಅಳಿಸಿದ್ದ. ಅವಳ ದನಿಯೂ ಅವುಗಳೊಡನೆ ಹೋಗಿತ್ತು. ಉಳಿದದ್ದು ಈ ಪುಟಗಳು.

"ಒಂದೆರಡು ಇಟ್ಟುಕೊಳ್ಳೋಕಾಗಲ್ಲವಾ?"

"ಆರಿಸ್ತಾ ಕೂತ್ರೆ ಅಲ್ಲಿ ಮುಗಿದುಹೋಗುತ್ತೆ, ಮಾಮ. ಮುಟ್ಟಿದ್ರೇ ಸಿಕ್ಕಿಕೊಳ್ತಿದೆ ನೋಡಿ" ಎಂದಳು ಸರಣ್ಯಾ. ಮತ್ತೆ ಮೆಲ್ಲಗೆ, "ನೀವೇ ಹೇಳಿ" ಎಂದಳು.

ಅವಳು ತೋರಿಸಿದಲ್ಲಿ ಗೌಡರು ತಾವೇ ಒತ್ತಿದರು. ಪುಟಗಳೆಲ್ಲ ಒಮ್ಮೆಗೇ ಪಕ್ಕಕ್ಕೆ ಜಾರಿ ಹೋದವು.

ಲಿಂಕ್ ತೆರೆಯಿತು. ಹಿರಿಯನು ಆಗಲೇ ಆರಂಭಿಸಿದ್ದ. ಗೌಡರು ತಲೆಯ ಬಟ್ಟೆ ತೆಗೆದು ಎದ್ದು ನಿಂತರು.

"ಕುಡಿಯುತ್ತಿದ್ದ ಕರುವನ್ನು ಎಳೆದು ಕಟ್ಟಿದ್ದರೆ..."

"ಅದು ಪಾಪ" ಎಂದಿತು ಫೋನಿನೊಳಗಿನ ಜನ. ಗೌಡರೂ ಅಂದರು, ಸರಣ್ಯಾಳೂ ಅಂದಳು.

"ದಾರಿ ಕೇಳಿದವರಿಗೆ ತೋರಿಸದೆ ಹೋಗಿದ್ದರೆ..."

"ಅದು ಪಾಪ."

"ಒಡಹುಟ್ಟಿದವನನ್ನು ಮರೆತಿದ್ದರೆ..."

ಅಲ್ಲಿ ಎಲ್ಲರೂ ಅಂದರು. "ಮರೀಲಿಲ್ಲೆ ಅವಳು" ಎಂದು ಗೌಡರು ಸೊಸೆಯ ಕಡೆ ತಿರುಗಿದರು. "ಒಂದು ದಿನವೂ ಮರೀಲಿಲ್ಲೆ."

"ಆದ್ರೂ ಅನ್ನಿ, ಮಾಮ. ಅತ್ತೆ ಹಗುರಾಗಿ ಹೋಗಲಿ."

ಹಿರಿಯನು ಮುಂದಿನ ಮಾತಿಗೆ ಹೋಗಿಯಾಗಿತ್ತು. ಗೌಡರು ಗೋಡೆಗೆ ಕೈಯೂರಿ, ಆ ದನಿಗಳಿಗೆಲ್ಲ ಹಿಂದೆ ಬಿದ್ದು, ಒಬ್ಬರೇ "ಅದು ಪಾಪ" ಎಂದರು.

ಚಟ್ಟ ಮೇಲೆದ್ದಿತು. ಕೊಡೆಗಳು ಅಡ್ಡ ಬಂದವು, ಮತ್ತೆ ಅಕ್ಕ ಕಾಣಲಿಲ್ಲ. ಪ್ರಸಾರ ನಿಂತ ಮೇಲೂ ಗೌಡರು ಕೂರಲಿಲ್ಲ. ತುಮ್ಮನಟ್ಟಿ ಇರುವ ದಿಕ್ಕಿಗೆ ತಿರುಗಿ, ಬಡಗರ ಕುಲದೇವತೆ ಹೆತ್ತೆಗೆ ಕೈ ಮುಗಿದರು.

"ಹೆತ್ತೆ ತಾಯೇ, ಎಂಗ ಅಕ್ಕ ಬರುತ್ತಿದ್ದಾಳೆ. ಆಚೆ ಲೋಕಕ್ಕೆ ದಾಟುವಾಗ ಅವಳ ಕಾಲು ನಡುಗದಿರಲಿ. ಅಪ್ಪ ಅವ್ವ ಎದುರು ಬರಲಿ. ನೆಮ್ಮದಿ ಕೊಡು ತಾಯೇ, ಅವಳನ್ನು ಬಿಸಿಲು ಬೀಳುವ ಕಡೆ ಕೂರಿಸು."